ಜಾಲಹಳ್ಳಿಯಿಂದ ನಾಗಸಂದ್ರಕ್ಕೆ ಹನ್ನೊಂದು ಮೀನು

ಮೊನ್ನೆ ಅಡುಗೆಮನೆಯ ಕಿಟಕಿಗೆ ಗಾಜು ಕೂರಿಸಲು ಒಬ್ಬ ವಯಸ್ಸಾದ ಬಡಗಿ ಬಂದಿದ್ದರು. ಈಗಿನವರಂತೆ ಟ್ಯೂಬಿನಿಂದ ಅಂಟು ಹಿಂಡಲಿಲ್ಲ. ಸೀಮೆಸುಣ್ಣದ ಪುಡಿಗೆ ಎಣ್ಣೆ ಹಾಕಿ, ಆ ಪುಟ್ಟಿಯನ್ನು ಚಪಾತಿ ಹಿಟ್ಟಿನಂತೆ ನಾದಿ, ಹೆಬ್ಬೆರಳಿನಿಂದ ಗಾಜಿನ ಅಂಚಿಗೆ ಒತ್ತುತ್ತಾ ಹೋದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ಕೆಲಸ ಬಿಟ್ಟು ಹಜಾರಕ್ಕೆ ಬಂದುಬಿಟ್ಟೆ. ಹಳೆಯ ವಾಸನೆಗಳು ಎಲ್ಲರಿಗೂ ಹಿತವಾದ ನೆನಪು ತರುತ್ತವಂತೆ. ನನಗೆ ಪುಟ್ಟಿಯ ವಾಸನೆ ಎಂದರೆ ಒಂದು ಟೆಂಪೋ, ಎರಡು ಬಕೆಟ್ಟು, ಹನ್ನೊಂದು ಮೀನು ಮತ್ತು ನನ್ನ ಮಾವನವರು.

ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಮದುವೆಯಾಗಿ ಏಳು ತಿಂಗಳಾಗಿತ್ತು. ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ ನಾವು ಮೂವರೇ: ಮಾವನವರು, ನನ್ನ ಯಜಮಾನರು, ನಾನು. ಅತ್ತೆ ನಾನು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಮಾವನವರು ಟೂಲ್‌ರೂಮಿನಲ್ಲಿ ಫಿಟ್ಟರ್. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳಿನಲ್ಲೇ ಹಿಡಿಯುತ್ತಾರೆಂದು ಅವರಿಗೆ ಹೆಸರು. ನಾನು ಹೆಚ್ಚಿದ ಹುರುಳಿಕಾಯಿಯನ್ನೂ ಅದೇ ಕಣ್ಣಿನಿಂದ ನೋಡುತ್ತಾರೆಂದು ನನ್ನ ಅನುಮಾನ. ಅವರದು ಮಾತು ಕಡಿಮೆ. ಇದ್ದಷ್ಟು ಮಾತೂ ಮೀನುಗಳ ಪಾಲಿಗೆ.

ಹಜಾರದಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ ಇತ್ತು. ಕಬ್ಬಿಣದ ಚೌಕಟ್ಟನ್ನು ತಾವೇ ವೆಲ್ಡ್ ಮಾಡಿ, ಪುಟ್ಟಿ ಒತ್ತಿ ಗಾಜು ಕೂರಿಸಿದ್ದರು. ಅದರಲ್ಲಿ ತಳದ ಮರಳಿಗೆ ನೆಟ್ಟ ನೀರುಗಿಡಗಳ ನಡುವೆ ಕಪ್ಪು ಪಟ್ಟೆಯ ಒಂದು ಜೊತೆ ಏಂಜಲ್ ಮೀನು, ಬಣ್ಣದ ಬಾಲದ ಒಂಬತ್ತು ಗಪ್ಪಿ. ಬೆಳಿಗ್ಗೆ ಎದ್ದವರೇ ಅದರ ಮುಂದೆ ನಿಂತು, “ಏನಮ್ಮಾ, ನಿದ್ದೆ ಬಂತಾ?” ಎನ್ನುತ್ತಿದ್ದರು. ಮದುವೆಯಾದ ಮೊದಲ ವಾರ ನಾನು ಅಡುಗೆಮನೆಯಿಂದಲೇ “ಹೂಂ, ಬಂತು ಮಾವ” ಎಂದು ಉತ್ತರ ಕೊಟ್ಟು ಪೆಚ್ಚಾಗಿದ್ದೆ.

ಅವರು ನಿವೃತ್ತರಾದರು. ಕ್ವಾರ್ಟರ್ಸ್ ಬಿಡಬೇಕಾಯಿತು. ನಾಗಸಂದ್ರದಲ್ಲಿ ಕಟ್ಟಿಸುತ್ತಿದ್ದ ಮನೆಗೆ ಸುಣ್ಣವೇನೋ ಬಳಿದಾಗಿತ್ತು, ಕರೆಂಟು ಇನ್ನೂ ಬಂದಿರಲಿಲ್ಲ. ಹೊರಡುವುದಕ್ಕೆ ಒಂದು ವಾರ ಮುಂಚೆ ಶಿವಾಜಿನಗರದ ಕಡೆ ಹೋದಾಗ, ಬಣ್ಣದ ಮೀನು ಮಾರುವ ಅಂಗಡಿಯ ಮುದುಕ ಸಾಬರನ್ನು, ತೊಟ್ಟಿ ಮೀನು ಸಾಗಿಸುವುದು ಹೇಗೆಂದು ಸುಮ್ಮನೆ ಕೇಳಿದೆ. ಅವರು ಮಾಡುತ್ತಿದ್ದ ಕೆಲಸ ನಿಲ್ಲಿಸಿ ಹೇಳಿದರು:

“ನೋಡು ಬೇಟಿ, ಹಿಂದಿನ ದಿನ ತಿಂಡಿ ಹಾಕ್ಬೇಡ. ತೊಟ್ಟಿ ಪೂರ್ತಿ ಖಾಲಿ ಮಾಡು, ಒಂದು ಲೋಟ ನೀರೂ ಬಿಡ್ಬೇಡ, ಭಾರಕ್ಕೆ ಗಾಜು ಸೀಳುತ್ತೆ. ಆದ್ರೆ ಹಳೇ ನೀರು ಚೆಲ್ಬೇಡ, ಜೊತೇಲೇ ತಗೊಂಡ್ಹೋಗು. ಮೀನಿಗೆ ಮನೆ ಅಂದ್ರೆ ಆ ನೀರು. ಹೊಸ ನೀರಿಗೆ ಒಂದೇ ಸಲ ಬಿಡ್ಬೇಡ. ಲೋಟ ಲೋಟ ಬೆರೆಸು.”

ರಾತ್ರಿ ಊಟಕ್ಕೆ ಬಡಿಸುತ್ತಾ ಇದನ್ನೆಲ್ಲ ಮಾವನವರಿಗೆ ಒಪ್ಪಿಸಿದೆ. ಅವರು ತಲೆ ಎತ್ತಲಿಲ್ಲ.

“ಅಂಗಡಿಯೋನು ಮಾರ್ತಾನೆ. ಮಾಡಿರೋನು ನಾನು,” ಎಂದರು. “ಪೂರ್ತಿ ಖಾಲಿ ಮಾಡಿದ್ರೆ ಗಿಡದ ಬೇರು ಕಿತ್ತೋಗುತ್ತೆ. ನಾಲ್ಕು ಬೆರಳು ನೀರು ಇರಲಿ.”

ಯಜಮಾನರು ನನ್ನ ಕಡೆ ನೋಡಿ, ಸುಮ್ಮನಿರು ಎಂಬಂತೆ ಕಣ್ಸನ್ನೆ ಮಾಡಿದರು. ಸುಮ್ಮನಾದೆ. ಆದರೆ ಹೊರಡುವ ದಿನ ಮಾವನವರು ಬೀಗದ ಕೈ ಒಪ್ಪಿಸಲು ಆಫೀಸಿಗೆ ಹೋದ ಹೊತ್ತಿನಲ್ಲಿ, ತೊಟ್ಟಿಯಿಂದ ತೆಗೆದ ನೀರನ್ನು ಎರಡು ಕೊಡಗಳಿಗೆ ತುಂಬಿ ಬಟ್ಟೆ ಕಟ್ಟಿಬಿಟ್ಟೆ. ಅವರು ಬಂದು “ಇದೇನು?” ಎಂದಾಗ “ಕುಡಿಯೋ ನೀರು ಮಾವ” ಎಂದೆ. ಆ ಮನೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.

ಯಜಮಾನರಿಗೆ ಆ ವಾರ ಬೆಳಗಿನ ಪಾಳಿ, ರಜೆ ಸಿಕ್ಕಿರಲಿಲ್ಲ. ಹಾಗಾಗಿ ಟೆಂಪೋದ ಹಿಂಭಾಗದಲ್ಲಿ ಮಂಚ, ಬೀರು, ಪಾತ್ರೆ ಮೂಟೆಗಳ ನಡುವೆ ಮಾವ ಸೊಸೆ ಇಬ್ಬರೇ. ಅವರು ತೊಟ್ಟಿಯನ್ನು ತಬ್ಬಿ ಕುಳಿತಿದ್ದರು. ನನ್ನ ಕಾಲುಗಳ ನಡುವೆ ಮೀನಿದ್ದ ಎರಡು ಬಕೆಟ್ಟು, ಮೇಲೆ ಒದ್ದೆ ಬಟ್ಟೆ. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲು. ಅರ್ಧ ಗಂಟೆಯ ದಾರಿ ಅಷ್ಟೇ ಎಂದುಕೊಂಡಿದ್ದೆ.

ರೈಲ್ವೆ ಗೇಟು ಹಾಕಿತ್ತು. ಕಾಲು ಗಂಟೆ ಕಳೆಯಿತು, ಅರ್ಧ ಗಂಟೆಯೂ ಕಳೆಯಿತು. ಗೂಡ್ಸ್ ಗಾಡಿಯೊಂದು ಸ್ವಲ್ಪ ದೂರದಲ್ಲಿ ಬಂದು ನಿಂತೇ ಬಿಟ್ಟಿತು. ಬಟ್ಟೆ ಸರಿಸಿ ನೋಡಿದೆ. ಗಪ್ಪಿಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಬಕೆಟ್ಟು ಮುಟ್ಟಿದರೆ ಬೆಚ್ಚಗಿತ್ತು. ಮಾವನವರೂ ಬಗ್ಗಿ ನೋಡಿದರು. ಕತ್ತಿನಿಂದ ಬೆವರು ಇಳಿಯುತ್ತಿತ್ತು.

ಆಗ ಡ್ರೈವರ್ ಹಿಂದಕ್ಕೆ ಬಂದ. “ಅಕ್ಕಾ, ಒಂದು ಲೋಟ ನೀರು ಕೊಡಿ. ಕೊಡದಲ್ಲಿ ಐತಲ್ಲ,” ಎನ್ನುತ್ತಾ ಬಟ್ಟೆಯ ಗಂಟಿಗೆ ಕೈಹಾಕಿದ.

“ಅಯ್ಯೋ, ಬೇಡಣ್ಣ! ಅದು ಕುಡಿಯೋ ನೀರಲ್ಲ!” ಎಂದು ಕೂಗಿಬಿಟ್ಟೆ.

ಮಾವನವರು ನಿಧಾನವಾಗಿ ನನ್ನ ಕಡೆ ತಿರುಗಿದರು. “ಕುಡಿಯೋ ನೀರು ಅಂದ್ಯಲ್ಲಮ್ಮ?”

“ಮೀನಿನ ಹಳೇ ನೀರು ಮಾವ,” ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ತೊಟ್ಟಿಯ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಆಚೆ ಮುಖ ಮಾಡಿದರು. ಅಷ್ಟರಲ್ಲಿ ಗೂಡ್ಸ್ ಗಾಡಿ ದಾಟಿಹೋಗಿ ಗೇಟು ತೆಗೆಯಿತು. ಹಿಂದಿನವರೆಲ್ಲ ಹಾರನ್ ಒತ್ತತೊಡಗಿದರು. ಡ್ರೈವರ್ ಓಡಿಹೋಗಿ ಗಾಡಿ ಎತ್ತಿದ. ಕಂಬಿಗಳ ಮೇಲೆ ಟೆಂಪೋ ಒಮ್ಮೆ ನೆಗೆದು ಬಿತ್ತು.

ಟಕ್ ಎಂದಿತು. ದೊಡ್ಡ ಶಬ್ದವೇನಲ್ಲ, ಬಳೆ ಒಡೆದಷ್ಟೇ. ತಳದ ಮೂಲೆಯಿಂದ ಗಾಜಿನ ಮೇಲೆ ಒಂದು ಗೆರೆ ಓಡಿತು. ನಾಲ್ಕು ಬೆರಳಿನ ನೀರು ಮಾವನವರ ಪಂಚೆಯ ಮೇಲೆ ಹರಿದು, ಮರಳು, ಗಿಡಗಳಷ್ಟೇ ಉಳಿದವು. ಅವರು ಬಿರುಕಿನ ಮೇಲೆ ಅಂಗೈ ಒತ್ತಿ ಹಿಡಿದುಕೊಂಡರು. ನೀರೆಲ್ಲ ಹೋದ ಮೇಲೂ ಕೈ ತೆಗೆಯಲಿಲ್ಲ.

ನಾಗಸಂದ್ರ ತಲುಪಿದಾಗ ಮೀನುಗಳನ್ನು ಬಿಡಲು ನಮಗೆ ಜಾಗವೇ ಇರಲಿಲ್ಲ. ಹೊಸ ಮನೆಯ ಸಿಮೆಂಟಿನ ತೊಟ್ಟಿಯಲ್ಲಿದ್ದದ್ದು ಬೀದಿಯ ಕೈಪಂಪಿನಿಂದ ಆಗಷ್ಟೇ ತುಂಬಿಸಿದ, ಮೀನಿಗೆ ಒಗ್ಗದ ಬೋರ್‌ವೆಲ್ ನೀರು. ಏಂಜಲ್ ಜೋಡಿಯಲ್ಲಿ ದೊಡ್ಡದು ಪಕ್ಕಕ್ಕೆ ವಾಲತೊಡಗಿತ್ತು. ನಾನು ಬಾಗಿಲಲ್ಲೇ ಕುಕ್ಕರುಬಡಿದು ಕುಳಿತೆ. ಪಕ್ಕದ ಹೆಂಚಿನ ಮನೆಯಿಂದ ಒಬ್ಬ ಹೆಂಗಸು ಬಂದು ಬಕೆಟ್ಟಿನಲ್ಲಿ ಇಣುಕಿದರು. ಅವರು ಗಂಗಮ್ಮ, ಅದೇ ಊರಿನವರು, ಎರಡು ಎಮ್ಮೆ ಸಾಕಿದ್ದರು.

“ಯಾಕ್ ತಾಯಿ ಇಂಗ್ ಕುಂತಿದ್ದೀಯ? ನಮ್ಮ ಕಲ್ಲುತೊಟ್ಟಿ ಐತಲ್ಲ, ಮರದ ಕೆಳಗೆ. ಅದ್ಕೆ ಬಿಡು.”

“ಎಮ್ಮೆ ಕುಡಿಯೋ ನೀರಿಗಾ?” ಎಂದರು ಮಾವನವರು.

“ಅದ್ರಾಗೆ ಕಪ್ಪೆಮರಿ ಆಡ್ತಾ ಅವೆ ಸಾಮಿ. ಅವು ಬದುಕಿಲ್ವಾ?”

ನನಗೆ ಅಷ್ಟು ಸಾಕಾಯಿತು. ಬಕೆಟ್ಟುಗಳನ್ನು ಹುಣಸೆಮರದ ನೆರಳಿಗೆ ಒಯ್ದೆವು. ಕಲ್ಲುತೊಟ್ಟಿಯ ಅರ್ಧ ನೀರು ಮೊಗೆದು ಚೆಲ್ಲಿ, ಒಂದು ಕೊಡ ಹಳೇ ನೀರು ಸುರಿದೆ. ಇನ್ನೊಂದು ಕೊಡ ಬಕೆಟ್ಟುಗಳಿಗೆ. ಆಮೇಲೆ ಕಲ್ಲುತೊಟ್ಟಿಯ ನೀರನ್ನು ಬಕೆಟ್ಟಿಗೆ ಒಂದು ಲೋಟ ಹಾಕುವುದು, ಕಾಯುವುದು, ಮತ್ತೊಂದು ಲೋಟ.

“ಬಿಟ್ಬಿಡಮ್ಮ! ಸಾಯ್ತಾ ಇದೆ, ಕಾಣಲ್ವಾ?” ಮಾವನವರು ಕೂಗಿದರು. ಬಕೆಟ್ಟನ್ನು ಎತ್ತಲು ಬಗ್ಗಿಯೇ ಬಿಟ್ಟರು.

ನಾನು ಅವರ ಕೈ ಹಿಡಿದುಕೊಂಡೆ. ಏಳು ತಿಂಗಳಲ್ಲಿ ಅವರ ಎದುರು ಕುರ್ಚಿಯ ಮೇಲೂ ಕೂತವಳಲ್ಲ ನಾನು. “ಬೇಡಿ ಮಾವ. ಒಂದೇ ಸಲ ಬಿಟ್ರೆ ಎಲ್ಲಾ ಹೋಗುತ್ವೆ. ನೀವು ಚೆಂಬು ತಗೊಳ್ಳಿ. ನೀರು ಎತ್ತಿ ಹುಯ್ಯಿ, ಕಾಫಿ ಆರಿಸೋ ಹಾಗೆ. ಗಾಳಿ ಸೇರಲಿ.”

ಅವರು ಬಕೆಟ್ಟಿನಿಂದ ಕೈ ತೆಗೆದರು. ಆಮೇಲೆ ಒದ್ದೆ ಪಂಚೆಯಲ್ಲೇ ನೆಲದ ಮೇಲೆ ಕುಳಿತು ಚೆಂಬು ತೆಗೆದುಕೊಂಡರು. ಎತ್ತುವುದು, ಹುಯ್ಯುವುದು. ನಾನು ಲೋಟ, ಅವರು ಚೆಂಬು. ಮಧ್ಯಾಹ್ನವೆಲ್ಲ ಹೀಗೇ ನಡೆಯಿತು. ಕೂದಲೆಳೆಯ ಲೆಕ್ಕದ ಆ ಕೈಗಳು ಈಗ ನನ್ನ ಲೋಟದ ಲೆಕ್ಕಕ್ಕೆ ಚೆಂಬು ಎತ್ತುತ್ತಿದ್ದವು.

ಸಂಜೆಗೆ ಮೀನುಗಳನ್ನು ಕಲ್ಲುತೊಟ್ಟಿಗೆ ಬಿಟ್ಟೆವು. ಗಪ್ಪಿಗಳು ಪಾಚಿಯ ಮರೆಗೆ ಸರ್ರನೆ ನುಗ್ಗಿದವು. ಬೆಳಿಗ್ಗೆ ನಾನು ಓಡಿಹೋಗುವಷ್ಟರಲ್ಲಿ ಮಾವನವರು ಅಲ್ಲೇ ನಿಂತಿದ್ದರು. ಅಂಗೈಯಲ್ಲಿ ದೊಡ್ಡ ಏಂಜಲ್ ಸತ್ತು ಮಲಗಿತ್ತು. ಉಳಿದ ಹತ್ತೂ ನೀರಿನಲ್ಲಿ ಓಡಾಡುತ್ತಿದ್ದವು.

“ನನ್ನ ಹಟಕ್ಕೆ ಒಂದು ಹೋಯ್ತು,” ಎಂದರು. ಅದನ್ನು ಮರದ ಬುಡದಲ್ಲಿ ಮಣ್ಣು ಮಾಡಿ, ಕೈ ತೊಳೆದು ಬಂದು ಜಗಲಿಯ ಮೇಲೆ ಕುಳಿತರು. ಷರಟಿನ ಜೇಬಿನಿಂದ ಟೂಲ್‌ರೂಮಿನ ಅಳತೆಗಳನ್ನು ಬರೆದುಕೊಳ್ಳುತ್ತಿದ್ದ ಪುಟ್ಟ ಪುಸ್ತಕ ತೆಗೆದು, ಖಾಲಿ ಹಾಳೆ ಹುಡುಕಿ ಪೆನ್ಸಿಲ್ ಹಿಡಿದರು.

“ಕೂತ್ಕೊಳಮ್ಮ. ಆ ಸಾಬರು ಏನೇನು ಹೇಳಿದ್ರು, ಮೊದಲಿಂದ ಹೇಳು. ನಿಧಾನವಾಗಿ ಹೇಳು.”

ನಾನು ಹೇಳಿದೆ, ಅವರು ಬರೆದುಕೊಂಡರು. ತಿಂಗಳೊಪ್ಪತ್ತಿನಲ್ಲಿ ಹೊಸ ಗಾಜು ತಂದು ತೊಟ್ಟಿ ಸರಿಮಾಡಿದಾಗ, ಗಾಜಿನ ಇನ್ನೊಂದು ತುದಿ ಹಿಡಿಯಲು ಮಗನನ್ನು ಕರೆಯದೆ ನನ್ನನ್ನು ಕರೆದರು.

ಈ ಪ್ರಸಂಗವನ್ನು ನಲವತ್ತು ವರ್ಷಗಳಿಂದ ನೆಂಟರಿಷ್ಟರ ಮುಂದೆ ನನ್ನ ಗೆಲುವಿನಂತೆ ಹೇಳುತ್ತಾ ಬಂದಿದ್ದೇನೆ. ಇವತ್ತು ನಿಮಗಾಗಿ ಬರೆಯುತ್ತಾ ಕುಳಿತಾಗ ಮಾತ್ರ ಕೊಡಗಳಿಗಿಂತ ಆ ಪೆನ್ಸಿಲ್ಲೇ ಮತ್ತೆ ಮತ್ತೆ ಕಣ್ಣೆದುರು ಬರುತ್ತಿದೆ. ಅಂದು ಮಾವನವರಿಗೆ ಐವತ್ತೆಂಟು, ನನಗೆ ಇಪ್ಪತ್ತಮೂರು. ಈಗ ನಾನು ಅವರ ಆಗಿನ ವಯಸ್ಸನ್ನೂ ದಾಟಿದ್ದೇನೆ. ಹಾಗೆ ಪುಸ್ತಕ ಬಿಚ್ಚಿ ಕೂರುವುದು ಎಷ್ಟು ಕಷ್ಟವೆಂದು ಈಗ ಗೊತ್ತು. ಕಣ್ಣಿಗೆ ಹಾಕುವ ಎರಡು ಔಷಧಿಗಳ ನಡುವೆ ಸ್ವಲ್ಪ ಹೊತ್ತು ಬಿಡಬೇಕೆಂದು ನನ್ನ ಸೊಸೆ ಹೋದ ವಾರ ಹೇಳಿದಳು. “ನನಗೆ ಗೊತ್ತಮ್ಮ” ಎಂದು ಬಾಯಿ ಮುಚ್ಚಿಸಿದ್ದೆ. ಗೊತ್ತಿರಲಿಲ್ಲ.

ಇಷ್ಟು ಬರೆದು, ಕಾಗದವನ್ನು ಮೇಜಿನ ಮೇಲೆ ಬಿಟ್ಟು, ಔಷಧಿಯ ಬಾಟಲಿಗಳೆರಡನ್ನೂ ಹಿಡಿದುಕೊಂಡು ಅವಳ ಕೋಣೆಯ ಬಾಗಿಲು ತಟ್ಟಿದೆ.