ಸಿಮೆಂಟು ಮೆತ್ತಿದ ಮಣ್ಣಿನ ಗೋಡೆ

ಮೇಸ್ತ್ರಿಯ ತಾತ ಕಟ್ಟಿದ ತೋಟದ ಮನೆಯ ಗೋಡೆ ಎಷ್ಟು ದಪ್ಪವಿತ್ತೆಂದರೆ, ಒಳಗೆ ಗಂಡ ಹೆಂಡತಿ ಜಗಳವಾಡಿದ ಸದ್ದು ಹೊರಗೆ ಬರುವಷ್ಟರಲ್ಲಿ ಅವರು ರಾಜಿಯಾಗಿ ಊಟಕ್ಕೆ ಕೂತಿರುತ್ತಿದ್ದರಂತೆ. ಈ ಕಡೆಯಿಂದ ಕೊರೆಯಲು ಶುರುಮಾಡಿದ್ದು ಒಂದು ಇಲಿ, ಆ ಕಡೆ ತಲೆ ಹಾಕಿದ್ದು ಅದರ ಮರಿಮಗ ಎನ್ನುತ್ತಾರೆ. ಇಲಿಯನ್ನು ನಂಬದಿದ್ದರೆ ಬಿಡಿ, ಗೋಡೆ ಎರಡು ಮೊಳ ದಪ್ಪವಿದ್ದದ್ದಂತೂ ನಿಜ.

ತಾತನ ಕ್ರಮ ಒಂದೇ. ಕೆಳಗೆ ಕಲ್ಲಿನ ಪಾಯ, ಮೇಲೆ ಹುಲ್ಲು ಬೆರೆಸಿ ತುಳಿದ ಮಣ್ಣು. ಒಂದು ಮೊಳ ಏರಿಸಬೇಕು, ಅದು ಒಣಗುವ ತನಕ ಕೈಕಟ್ಟಿ ಕೂರಬೇಕು, ಆಮೇಲೆ ಇನ್ನೊಂದು ಮೊಳ. ನಾಲ್ಕು ಗೋಡೆ ಏಳುವಷ್ಟರಲ್ಲಿ ತಾತನಿಗೆ ಎರಡು ಮಕ್ಕಳಾಗಿದ್ದವು. ಮುಂದೆ ಮನೆಯವರು ಅಟ್ಟ ಹಾಕಿದರು, ಕೊಟ್ಟಿಗೆ ಸೇರಿಸಿದರು, ಕಾಳಿನ ಕೋಣೆ ಕಟ್ಟಿದರು. ಎಲ್ಲವೂ ಆ ನಾಲ್ಕು ಗೋಡೆಗಳಿಗೇ ಬೆನ್ನು ಕೊಟ್ಟು ನಿಂತವು. ವರ್ಷಕ್ಕೊಮ್ಮೆ ಅವಕ್ಕೆ ಮಣ್ಣು ಮೆತ್ತಿ ಸುಣ್ಣ ಬಳಿಯುವ ಕೆಲಸ ತಾತನಿಂದ ಮಗನಿಗೆ ಬಂತು, ಮಗನಿಂದ ಮೊಮ್ಮಗನಾದ ಈ ಮೇಸ್ತ್ರಿಗೆ ಬಂತು.

ಮೇಸ್ತ್ರಿ ಆಗಷ್ಟೇ ಸಿಮೆಂಟಿನ ಕೆಲಸ ಕಲಿತಿದ್ದ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಹಾಗೆ, ಕಂಡಕಂಡದ್ದಕ್ಕೆಲ್ಲ ಸಿಮೆಂಟು ಬಳಿಯುತ್ತಿದ್ದ. ಮೈಮರೆತು ಕೂತರೆ ನಮಗೂ ಮೆತ್ತಿಬಿಡುತ್ತಾನೆ ಎಂದು ಜನ ನಗುತ್ತಿದ್ದರು. ಮಣ್ಣಿನ ಗೋಡೆಗೆ ಉಸಿರಾಡಲು ಬಿಡಬೇಕು, ನೆಲದಿಂದ ಏರುವ ತೇವ ಅದರ ಮೈಯಿಂದಲೇ ಆರಿಹೋಗಬೇಕು ಎಂದು ತಾತ ಹೇಳಿದ್ದು ಅವನಿಗೆ ಗೊತ್ತಿತ್ತು. ಆದರೂ ರಸ್ತೆ ಕಡೆಯ ಗೋಡೆ ಥಳಥಳ ಹೊಳೆಯಬೇಕು ಎಂದು ಆ ತೋಟದ ಮನೆಯ ಯಜಮಾನ ಕೇಳಿದಾಗ ಬೇಡ ಎನ್ನಲಿಲ್ಲ. ಒಳಗೂ ಹೊರಗೂ ಸಿಮೆಂಟು ಬಳಿದ. ಉಳಿದ ಮೂರು ಗೋಡೆ ಮುಂದೆ ನೋಡೋಣ ಎಂದಾಯಿತು. ಆ ಹೊಳಪು ನೋಡಿ ಸುತ್ತಲಿನ ಹತ್ತು ಮನೆಯವರು ಅವನನ್ನು ಕರೆದರು.

ಆ ಗೋಡೆಯ ಪಕ್ಕದಲ್ಲೇ ಯಜಮಾನನ ಅಕ್ಕ ಮಲಗುತ್ತಿದ್ದದ್ದು. ಎಲ್ಲರಿಗೂ ಅವಳು ದೊಡ್ಡಕ್ಕ. ಎರಡು ಮಳೆಗಾಲ ಕಳೆದ ಮೇಲೆ ಒಂದು ದಿನ ಮೇಸ್ತ್ರಿಯನ್ನು ಕರೆಸಿದಳು.

"ನಿನ್ನ ಗೋಡೆ ಬುಡದಲ್ಲಿ ಬೆವರ್ತಾ ಇದೆ ಕಣೋ. ನನಗಿಂತ ಅದಕ್ಕೇ ವಯಸ್ಸಾದ ಹಾಗಿದೆ."

ಮೇಸ್ತ್ರಿ ಕರಣೆಯ ಹಿಡಿಯಿಂದ ತಟ್ಟಿದ. ಮೇಲೆ ಗಟ್ಟಿ ಸದ್ದು. ಕೆಳಗಿಳಿದಂತೆ ಕೊಳೆತ ಕುಂಬಳಕಾಯಿ ತಟ್ಟಿದ ಹಾಗೆ ಪೊಳ್ಳು ಸದ್ದು. ಒಳಗಿನ ಮಣ್ಣು ನೀರು ಕುಡಿದು ಕೆಸರಾಗಿದೆ, ಗೋಡೆ ನಿಂತಿರುವುದು ಸಿಮೆಂಟಿನ ಸಿಪ್ಪೆಯ ಮೇಲೆ ಎಂದು ತಿಳಿಯಿತು.

"ಹಾಸಿಗೆ ಆ ಕಡೆಗೆ ಹಾಕ್ಕೊಳ್ಳಲೇನೋ?" ಎಂದು ದೊಡ್ಡಕ್ಕ ಕೇಳಿದಳು.

ಹಾಸಿಗೆ ಸರಿದರೆ ಯಾಕೆ ಎಂದು ಯಜಮಾನ ಕೇಳುತ್ತಾನೆ. ಸುದ್ದಿ ಆ ಹತ್ತು ಮನೆಗೂ ಹೋಗುತ್ತದೆ. ಆಮೇಲೆ ಇವನ ಕೈಗೆ ಕೋಳಿಗೂಡು ಕಟ್ಟಲೂ ಯಾರೂ ಕೊಡುವುದಿಲ್ಲ.

"ಬೇಡ ದೊಡ್ಡಕ್ಕ, ಎಲ್ಲಿದೆಯೋ ಅಲ್ಲೇ ಇರಲಿ. ಸುಗ್ಗಿ ಮುಗಿದ ಮೇಲೆ ಬಂದು ನೋಡ್ತೀನಿ."

ನಾಲ್ಕನೆಯ ದಿನ ಮಧ್ಯಾಹ್ನ ಊಟ ಮಾಡಿ ಅವಳು ಅಡ್ಡಾಗಿದ್ದಾಗ ಗೋಡೆ ಕೂತಿತು. ಬೀಳಲಿಲ್ಲ, ಕೂತೇಬಿಟ್ಟಿತು, ಅಟ್ಟವನ್ನೂ ಎಳೆದುಕೊಂಡು. ಮಣ್ಣು ತೆಗೆಯಲು ಮೊದಲು ಓಡಿಬಂದವನು ಮೇಸ್ತ್ರಿಯೇ. ಕೈಗೆ ಸಿಕ್ಕಿದ್ದು ಒದ್ದೆ ಮಣ್ಣು. ಅದರ ಅಡಿಯಲ್ಲಿ ದೊಡ್ಡಕ್ಕನ ಕಾಲು ಇನ್ನೂ ಬೆಚ್ಚಗಿತ್ತು.

ಮುದಿ ಗೋಡೆ, ಅದರ ಕಾಲ ಮುಗಿದಿತ್ತು ಎಂದು ಸೇರಿದವರು ಅವನನ್ನೇ ಸಮಾಧಾನ ಮಾಡಿದರು. ಸಿಮೆಂಟು ಬಳಿದದ್ದರಿಂದಲೇ ಇಷ್ಟು ದಿನವಾದರೂ ನಿಂತಿತ್ತು ಎಂದ ಒಬ್ಬ. ತಿಥಿಯೆಲ್ಲ ಮುಗಿದ ಮೇಲೆ ಯಜಮಾನ ಮೇಸ್ತ್ರಿಯನ್ನು ಕರೆಸಿದ.

"ನಿಮ್ಮ ತಾತ ಒಳಗೆ ಏನು ತುಂಬಿದ್ನೋ ಏನೋ. ಉಳಿದ ಮೂರನ್ನೂ ಕೆಡವಿಬಿಡು. ಇನ್ನೊಂದು ಹೆಣ ಎತ್ತೋ ಶಕ್ತಿ ನನಗಿಲ್ಲ."

ಸಿಮೆಂಟು ಸೋಕದ ಮೂರು ಗೋಡೆಗಳು ಅವು. ಪಿಕಾಸಿ ಹಾಕಿದರೆ ಹಿಡಿಯಷ್ಟು ಮಣ್ಣು ಉದುರುತ್ತಿತ್ತು. ಎರಡನ್ನು ಇಳಿಸುವಷ್ಟರಲ್ಲಿ ಹನ್ನೊಂದು ದಿನವಾಯಿತು, ಅಂಗೈಯ ಚರ್ಮ ಸುಲಿದುಹೋಯಿತು. ಮೂರನೆಯದಕ್ಕೆ ಕೈ ಹಾಕಿದ ದಿನ ಯಜಮಾನ ಬಂದು ಬಹಳ ಹೊತ್ತು ನಿಂತು ನೋಡಿದ.

"ಇದು ಕಲ್ಲಿದ್ದ ಹಾಗಿದೆಯಲ್ಲೋ?"

"ಮೇಲೆ ಮೇಲೆ ಅಷ್ಟೇ, ಯಜಮಾನ್ರೇ," ಎಂದ ಮೇಸ್ತ್ರಿ. "ಒಳಗೆಲ್ಲ ಸತ್ತಿದೆ. ನಮ್ಮ ತಾತಂಗೆ ಕೆಲಸ ಬರ್ತಿರಲಿಲ್ಲ."

ಯಜಮಾನ ತಲೆಯಾಡಿಸಿ ನೆರಳಿಗೆ ಹೋದ. ಮೇಸ್ತ್ರಿ ಮತ್ತೆ ಪಿಕಾಸಿ ಎತ್ತಿದ.