ಚೋಂದಮ್ಮನವರ ಅಳತೆ ಕೊಳವೆ

ಭೂಮಿಯೊಳಗಿನ ನೀರಿನ ಸದ್ದು ನನ್ನ ಕಿವಿಗೆ ಕೇಳಿಸುತ್ತದೆ. ದೆಹಲಿಯ ಮಯೂರ್ ವಿಹಾರದ ನಮ್ಮ ವಸತಿ ಸೊಸೈಟಿಯ ಪಾರ್ಕಿನಲ್ಲಿ ಕೂತೇ ಹರಿದ್ವಾರದಲ್ಲಿ ಯಾರು ಮುಳುಗು ಹಾಕಿದರೆಂದು ಹೇಳಬಲ್ಲೆ. ಈ ವಿದ್ಯೆಗೆ ಮಣೆ ಹಾಕದವರು ಸೊಸೈಟಿಯಲ್ಲಿ ಒಬ್ಬರೇ, ಚೋಂದಮ್ಮ.

ಕೊಡಗಿನವರು. ಸುಬೇದಾರ್ ಚಂಗಪ್ಪನವರ ಹೆಂಡತಿ, ಸೈನಿಕರ ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತರಾದವರು. ಗಂಡನ ವರ್ಗಾವಣೆಗಳಲ್ಲಿ ಅರ್ಧ ದೇಶದ ನಲ್ಲಿಗಳ ಮುಂದೆ ಬಿಂದಿಗೆ ಹಿಡಿದು ನಿಂತ ಮೇಲೆ ನೀರನ್ನು ನಂಬುವುದನ್ನೇ ಬಿಟ್ಟರಂತೆ. ಭಾನುವಾರ ಯಮುನೆಯ ಪಕ್ಕದ ಜೌಗಿನಿಂದ ಬಾಟಲಿಯಲ್ಲಿ ನೀರು ತಂದು ಪರೀಕ್ಷಿಸುತ್ತಾರೆ. ತಿಂಗಳಿಗೊಮ್ಮೆ, ಅಂತರ್ಜಲದ ಮಟ್ಟ ನೋಡಲು ಪಾರ್ಕಿನಲ್ಲಿ ಆಳಕ್ಕೆ ಇಳಿಸಿರುವ ಅಳತೆ ಕೊಳವೆಗೆ ಸೀಮೆಸುಣ್ಣ ಬಳಿದ ಉಕ್ಕಿನ ಟೇಪು ಇಳಿಸುತ್ತಾರೆ. ಸುಣ್ಣ ಎಲ್ಲಿಯವರೆಗೆ ನೆನೆಯಿತೋ ಅಲ್ಲಿಗೆ ನೀರು. ಬೋರ್‌ವೆಲ್ ಮೋಟಾರು ಹಾಕುವ ಮೊದಲೇ ಅಳೆಯಬೇಕು, ಇಲ್ಲದಿದ್ದರೆ ಮಟ್ಟ ತಪ್ಪು ಬರುತ್ತದೆ. ಆ ಬೆಳಿಗ್ಗೆ ಪಂಪು ನಡೆಸುವ ದಿಲೀಪ್ ಸ್ವಿಚ್ಚಿನ ಹತ್ತಿರ ಸುಳಿದರೆ ಶತ್ರು ಗಡಿ ದಾಟಿದಷ್ಟು ಗದ್ದಲ. ಇಡೀ ಸೊಸೈಟಿ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಕಾಯುತ್ತದೆ.

ಈ ಬೇಸಿಗೆ ಸೆಕ್ರೆಟರಿ ರಘುನಂದನನಿಗೆ ಬ್ಯಾಡ್ಮಿಂಟನ್ ಕೋರ್ಟಿನ ಹುಚ್ಚು ಹಿಡಿಯಿತು. ಕೊಳವೆಯ ಮೇಲೆಯೇ ಕಾಂಕ್ರೀಟು ಸುರಿಯುವುದೆಂದಾಯಿತು, ಕಾಂಕ್ರೀಟಿನವನೂ ಬಂದು ನಿಂತ.

"ಇದನ್ನ ಮುಚ್ಚಿದ್ರೆ ಬೋರು ಬತ್ತಿದ್ದು ಗೊತ್ತಾಗೋದೇ ನಲ್ಲಿ ಒಣಗಿದ ದಿನ," ಎಂದರು ಚೋಂದಮ್ಮ.

"ನೀರು ಬೇಕಾದಷ್ಟಿದೆ ಆಂಟಿ. ಶೇಖರ್ ಅಂಕಲ್, ನೀವೇ ಹೇಳಿ," ಎಂದು ರಘುನಂದನ್ ನನ್ನ ಕಡೆ ತಿರುಗಿದ.

ಕೇಳಿದ ಮೇಲೆ ಸುಮ್ಮನಿರಲಾದೀತೆ? ಮಂಡಿಯೂರಿ ಕೊಳವೆಗೆ ಬಾಯಿಟ್ಟು, "ಯಮುನಮ್ಮಾ, ಇದ್ದೀಯಾ?" ಎಂದು ಕೂಗಿ ಕಿವಿಗೊಟ್ಟೆ. ಒಳಗಿನಿಂದ ಘನಗಂಭೀರ ಮೊರೆತ.

"ತುಂಬಿ ಹರೀತಿದಾಳೆ!" ಎಂದು ಸಾರಿದೆ.

"ಅಚ್ಛಾ, ಚಲೋ ಭಯ್ಯಾ," ಎಂದು ರಘುನಂದನ್ ಕಾಂಕ್ರೀಟಿನವನಿಗೆ ಸುರಿಯಲು ಕೈ ಮಾಡಿದ.

ಚೋಂದಮ್ಮ ಸುಣ್ಣ ಬಳಿದು ಟೇಪು ಇಳಿಸಿದರು. ಹೋದ ತಿಂಗಳು ನೀರಿದ್ದ ಗುರುತು ದಾಟಿತು. ಪಾತಾಳದಲ್ಲಿ ಯಾರೋ ತುದಿ ಹಿಡಿದು ಎಳೆಯುತ್ತಿದ್ದಾರೇನೋ ಎಂಬಂತೆ ಇನ್ನೂ ಇಳಿಯಿತು. ಮೇಲೆ ಬಂದಾಗ ಕೊನೆಯ ತುದಿಯಷ್ಟೇ ಒದ್ದೆ. ಉಳಿದ ಸುಣ್ಣವೆಲ್ಲ ಬೆಳ್ಳಗೆ ಒಣಗಿಯೇ ಇತ್ತು. ರಘುನಂದನ್ ಮುಟ್ಟಿ ನೋಡಿದ. ಬೆರಳಿಗೆ ಬರೀ ಪುಡಿ.

"ರುಕೋ, ರುಕೋ!" ಎಂದು ಕೂಗಿ ಕಾಂಕ್ರೀಟಿನವನನ್ನು ತಡೆದ. ಆಮೇಲೆ ಮೆಲ್ಲಗೆ, "ಕೋರ್ಟು ಗೇಟಿನ ಕಡೆ ಮಾಡೋಣ ಆಂಟಿ. ಇದು ಇರಲಿ."

"ಹಾಗಾದ್ರೆ ನನಗೆ ಕೇಳಿಸಿದ್ದೇನು?" ಎಂದೆ ನಾನು.

ಚೋಂದಮ್ಮ ಟೇಪು ಸುತ್ತುತ್ತಲೇ ಹೇಳಿದರು: "ನಿಮ್ಮದೇ ದನಿ, ಶೇಖರಣ್ಣ. ಈ ಸೊಸೈಟೀಲಿ ನಿಮ್ಮ ಮಾತಿಗೆ ಹೂಂಗುಟ್ಟಿದ್ದು ಆ ಕೊಳವೆ ಒಂದೇ."