ನೀರು ಏರುತ್ತಿದ್ದಾಗ ಬಂಡೆಯ ಮೇಲೆ

ಹುಮನಾಬಾದಿನಿಂದ ಹೊರಟ ಮೂರನೆಯ ದಿನ ನಾವು ಹೆದ್ದಾರಿ ಬಿಟ್ಟು, ಕಡಲಿನ ಪಕ್ಕದ ಸಣ್ಣ ದಾರಿಗಳನ್ನು ಹಿಡಿದಿದ್ದೆವು. ನಾನು, ನನ್ನ ಗಂಡ ಮತ್ತು ಬಸವಕಲ್ಯಾಣದಿಂದ ಕರೆತಂದಿದ್ದ ಅತ್ತೆ. ಇಂಥಲ್ಲಿಗೇ ಹೋಗಬೇಕೆಂಬುದೇನೂ ಇರಲಿಲ್ಲ. ಕುಮಟೆಯ ಆಚೆ ಒಂದು ಹಳ್ಳಿಯಲ್ಲಿ, ಹೊಳೆ ಕಡಲು ಸೇರುವ ಕಡೆ ರಸ್ತೆ ಮುಗಿಯಿತು. ಗಂಡ ಕಾರಿನಲ್ಲೇ ಒರಗಿ ನಿದ್ದೆ ಹೋದರು. ಅತ್ತೆ ಮತ್ತು ನಾನು ಒದ್ದೆ ಮರಳಿನ ಮೇಲೆ ನಡೆದು, ದಡದಿಂದ ಸಾಕಷ್ಟು ದೂರವಿದ್ದ ಕಪ್ಪು ಬಂಡೆಯವರೆಗೆ ಹೋದೆವು. ಪಾದ ಮುಳುಗುವಷ್ಟೂ ನೀರಿರಲಿಲ್ಲ.

ಚಿಪ್ಪು ಆರಿಸುತ್ತ ಹೊತ್ತು ಹೋದದ್ದು ತಿಳಿಯಲಿಲ್ಲ. ತಿರುಗಿ ನೋಡಿದರೆ ನಡೆದು ಬಂದ ಮರಳೇ ಇಲ್ಲ! ನಮ್ಮ ಕಡೆಯ ಹಳ್ಳ ಸದ್ದು ಮಾಡಿ ಬರುತ್ತದೆ. ಇದು ಸದ್ದಿಲ್ಲದೆ ಬೆನ್ನ ಹಿಂದೆ ಬಂದಿತ್ತು. ಇಳಿದೆ. ತೊಡೆಯವರೆಗೆ ನೀರು, ಕಾಲಡಿಯ ಮರಳು ಜಾರಿತು. ಅತ್ತೆ ರಟ್ಟೆ ಹಿಡಿದು ಮೇಲಕ್ಕೆಳೆದರು.

ದಡದಲ್ಲಿ ಚಿಪ್ಪಿ ಹೆಕ್ಕುತ್ತಿದ್ದ ಹೆಂಗಸೊಬ್ಬಳು ಕೂಗಿದಳು: "ದಾಟಬೇಡಿ! ಭರತದ ನೀರು, ಇನ್ನೂ ಏರ್ತದೆ. ಮೇಲೆ ಹತ್ತಿ ಕೂತ್ಕಣಿ. ಸಂಜೆಗೆ ಇಳೀತದೆ!"

ಕೂಗಿಗೆ ಎಚ್ಚರವಾಗಿ ಗಂಡ ಓಡಿ ಬಂದು ನೀರಿಗಿಳಿದರು. ಈಜು ಬಾರದ ಮನುಷ್ಯ. ಆಕೆ ಅಂಗಿ ಹಿಡಿದು ಅವರನ್ನು ದಡಕ್ಕೆಳೆದದ್ದು ಕಂಡಿತು.

ಏರುವ ನೀರು ತಾನಾಗಿ ನಿಲ್ಲುತ್ತದೆಂದು ನಾನು ಹೇಗೆ ನಂಬಲಿ? ಬಂಡೆಯ ಒಂದೊಂದೇ ಬಿರುಕು ಮುಳುಗುತ್ತಿತ್ತು. ಅತ್ತೆ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದಿದ್ದರು.

"ನನಗ ಅಂಜಿಕಿ ಆಗಾಕತ್ತದವ್ವಾ," ಎಂದರು.

ಹಾವು ಕಂಡರೂ ಹಿಂದೆ ಸರಿಯದ ಹೆಂಗಸು. ಅವರ ಬಾಯಲ್ಲಿ ಆ ಮಾತು ಕೇಳಿ ನಾನು ಅವರ ಹತ್ತಿರಕ್ಕೆ ಸರಿದು ಕೂತೆ.

"ಏನರೆ ಮಾತಾಡು," ಎಂದರು. "ಸುಮ್ಮ ಕೂಡಬ್ಯಾಡ."

ಬಾಯಿಗೆ ಬಂದದ್ದು ಹೇಳಿದೆ. "ಅತ್ತಿ, ದಸರಾಕ್ಕ ಕಳಿಸಿದ ಹೋಳಿಗಿ ನಾ ಮಾಡಿದ್ದಲ್ರಿ. ಅಂಗಡ್ಯಾಗಿಂದ ತಂದಿದ್ದೆ."

"ಗೊತ್ತದ. ನೀ ಮಾಡಿದ್ದು ಹರೀತಾವ. ಅವು ಹರದಿದ್ದಿಲ್ಲ."

ನಗು ಬಂತು, ಅಳುವೂ ಬಂತು. ಅಷ್ಟರಲ್ಲಿ ತೆರೆ ಕಾಲಿಗೆ ಸಿಡಿಯಿತು. ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡೆವು.

ನಮ್ಮ ಪಾದದಿಂದ ಒಂದು ಮೊಳ ಕೆಳಗೆ ನೀರು ನಿಂತಿತು. ಬಹಳ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಬಂಡೆಯ ಮೈಯಲ್ಲಿ ಒದ್ದೆಯ ಪಟ್ಟಿಯೊಂದು ಕಾಣಿಸಿಕೊಂಡು ಅಗಲವಾಗತೊಡಗಿತು. ಹೊತ್ತು ಇಳಿಯುವಾಗ ಆ ಹೆಂಗಸೇ ಕೋಲು ಊರುತ್ತ, ಮೊಣಕಾಲುದ್ದ ನೀರಿನಲ್ಲಿ ಬಂದು ನಮ್ಮನ್ನು ಕೈಹಿಡಿದು ಕರೆದೊಯ್ದಳು.

"ದಿನಾ ಬತ್ತದೆ, ದಿನಾ ಹೋತದೆ. ಕೇಳ್ಕಂಡು ಇಳೀಬೇಕು, ಅಷ್ಟೇಯ," ಎಂದಳು.

ಗಂಡ ಆಕೆಗೆ ಕೈ ಮುಗಿದರು.

ಇನ್ನೂ ಎರಡು ದಿನ ಆ ದಾರಿಗಳಲ್ಲಿ ತಿರುಗಿದೆವು. ಅತ್ತೆ ಪ್ರತಿ ಊರಿನಲ್ಲೂ ಯಾರನ್ನಾದರೂ ಹಿಡಿದು, "ನೀರು ಬರೂ ಹೊತ್ತೋ, ಹೋಗೂ ಹೊತ್ತೋ?" ಎಂದು ಕೇಳಿಯೇ ಮರಳಿಗಿಳಿಯುತ್ತಿದ್ದರು. ನಾನು ಕಾರಿನಿಂದ ಇಳಿಯಲಿಲ್ಲ.